ನಿಮ್ಮ ಇಷ್ಟದ ಹಾಡಿಗೆ ನಕ್ಷೆಯಲ್ಲಿ ಎಲ್ಲಿ ಪಿನ್ ಚುಚ್ಚುತ್ತೀರಿ?

ಗೋಡೆನಕ್ಷೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಲ್‌ನಲ್ಲಿ ಕರ್ನಾಟಕದ ದೊಡ್ಡ ನಕ್ಷೆ ಒಂದಿದೆ. ಶಾಲೆ ಮಕ್ಕಳಿಗೆ ಮಾರುತ್ತಾರಲ್ಲ, ಬರೀ ಗಡಿ ಗೆರೆ ಇರುವ ಖಾಲಿ ಹಾಳೆ, ಅದನ್ನೇ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಊರುಗಳನ್ನು ನಾನೇ ಬರೆದದ್ದು. ಮನೆಗೆ ಯಾರೇ ಬಂದರೂ ಕೈಗೆ ಒಂದು ಗುಂಡುಪಿನ್ ಕೊಟ್ಟು ಕೇಳುತ್ತೇನೆ: ನಿಮಗೆ ತುಂಬಾ ಇಷ್ಟದ ಹಾಡು ಇದರಲ್ಲಿ ಎಲ್ಲಿದೆ?

ಇಷ್ಟದ ಹಾಡು ಯಾವುದು ಅಂತ ನೇರವಾಗಿ ಕೇಳಿದರೆ 'ಎಲ್ಲಾ ಥರದ್ದೂ ಕೇಳ್ತೀನಿ' ಅಂತಾರೆ, ಮಾತು ಅಲ್ಲಿಗೇ ಮುಗಿಯಿತು. ಪಿನ್ ಕೊಟ್ಟರೆ ಹಾಗಲ್ಲ. ಹೋದ ತಿಂಗಳು ಗ್ಯಾಸ್ ಒಲೆ ರಿಪೇರಿಗೆ ಬಂದವರು ತುಂಬಾ ಹೊತ್ತು ನೋಡಿ ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವೆ ಚುಚ್ಚಿದರು. ಆ ಘಾಟಿಯ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಚಿಕ್ಕವರಿದ್ದಾಗ ಅವರ ಅಮ್ಮ ಕಿಟಕಿ ಪಕ್ಕ ಕೂತು ಸೋಬಾನೆ ಪದ ಹೇಳುತ್ತಿದ್ದರಂತೆ, ಸುರಂಗ ಬಂದರೆ ಗದ್ದಲಕ್ಕೆ ಏನೂ ಕೇಳಿಸುತ್ತಿರಲಿಲ್ಲ, ಆದರೆ ಅಮ್ಮ ನಿಲ್ಲಿಸುತ್ತಿರಲಿಲ್ಲ, ಬೆಳಕಿಗೆ ಬರುವಷ್ಟರಲ್ಲಿ ಹಾಡು ಎರಡು ಸಾಲು ಮುಂದೆ ಹೋಗಿರುತ್ತಿತ್ತು. "ಸುರಂಗದೊಳಗಿನ ಸಾಲು ನಂಗೆ ಇವತ್ತಿಗೂ ಗೊತ್ತಿಲ್ಲ ಸರ್" ಅಂದರು.

ನನ್ನ ಪಿನ್ ಕುಂದಗೋಳದ ಮೇಲಿದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಗುರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಊರು. ಒಂದು ದಿನ ಸುಮ್ನೆ ಧಾರವಾಡದ ಮೇಲೆ ಕೈವಾರದ ಮುಳ್ಳಿಟ್ಟು ನೂರು ಕಿಲೋಮೀಟರ್ ಅಳತೆಗೆ ಒಂದು ಸುತ್ತು ಎಳೆದೆ. ಮಲ್ಲಿಕಾರ್ಜುನ ಮನ್ಸೂರರ ಮನ್ಸೂರು, ಬಸವರಾಜ ರಾಜಗುರುಗಳ ಯಲಿವಾಳ, ಕುಮಾರ ಗಂಧರ್ವರ ಸುಳೇಭಾವಿ, ಭೀಮಸೇನ ಜೋಶಿಯವರ ಗದಗ, ಶರೀಫಜ್ಜನ ಶಿಶುನಾಳ, ಎಲ್ಲಾ ಒಳಗೇ ಬಿದ್ದವು. ಪೆನ್ಸಿಲ್ ಕೆಳಗಿಟ್ಟು ಸುಮಾರು ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ.

ಈಗ ನಿಮ್ಮ ಸರದಿ. ನಿಮ್ಮ ಪಿನ್ ಎಲ್ಲಿ? ನೀವು ಗಂಟೆಗಟ್ಟಲೆ ನೋಡಿದ ನಕ್ಷೆ ಯಾವುದು? ಸಂಗೀತದ ನಕ್ಷೆ ನೀವೇ ಬರೆಯುವುದಾದರೆ ಏನು ಬರೆಯುತ್ತೀರಿ? ನಮ್ಮ ಮನೆಯ ನಿಯಮ ಒಂದೇ, ಹಾಡಿನ ಹೆಸರು ಹೇಳುವಂತಿಲ್ಲ. ಜಾಗ ಮಾತ್ರ.

ಎರಡುಹೊಳೆ:

ಸುತ್ತು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಕೈವಾರ ಹಿಡಿದರೆ ಧಾರವಾಡವೇ ಗೆಲ್ಲುತ್ತದೆ, ಹೊಳೆ ಹಿಡಿದು ನೋಡಿ. ನನ್ನ ಪಿನ್ ತಿರುಮಕೂಡಲಿನಲ್ಲಿ, ಕಾವೇರಿ ಮತ್ತು ಕಪಿಲೆಯ ಎರಡು ನೀಲಿ ಗೆರೆ ಕೂಡುವ ಕಡೆ. ಪಿಟೀಲು ಚೌಡಯ್ಯನವರ ಊರು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯಲ್ಲಿ ನುಡಿಸಿದವರು. ಸಂಗಮದ ಮೆಟ್ಟಿಲ ಮೇಲೆ ಕೂತು ಇಯರ್‌ಫೋನ್‌ನಲ್ಲಿ ಅವರ ಹಳೇ ರೆಕಾರ್ಡಿಂಗ್ ಕೇಳಿದ್ದೇನೆ. ಆ ಕರಕರ ಸದ್ದಿನ ಹಿಂದೆಯೂ ಆ ನಾದ ಎಷ್ಟು ದಪ್ಪ!

ಆಣೆಸರಪಳಿ:

ಗಂಟೆಗಟ್ಟಲೆ ನೋಡಿದ ನಕ್ಷೆ ಅಂದರೆ ನಮ್ಮ ಊರಿನ ಗ್ರಾಮ ನಕ್ಷೆ. ಅಪ್ಪ ಸರ್ವೆ ಕೆಲಸದಲ್ಲಿದ್ದರು. ಒಂದು ಮೈಲಿಗೆ 8 ಇಂಚು, ಅಂದರೆ 1:7920 ಅಳತೆಯ ನಕ್ಷೆ. ಈ ಅಳತೆಯಲ್ಲಿ ಒಂದೊಂದು ಹೊಲವೂ ಕಾಣುತ್ತದೆ. ಹೊಲದ ನಡುವೆ ಸರ್ವೆ ನಂಬರು, ಬಂಡಿದಾರಿಗೆ ಚುಕ್ಕಿ ಗೆರೆ, ಹಳ್ಳ, ಕೆರೆ. ಹಿಂದೆ ಬಟ್ಟೆ ಅಂಟಿಸಿದ್ದರು, ಮಡಚಿ ಮಡಚಿ ನಮ್ಮ ಹೊಲವೇ ಮಡಿಕೆಯಲ್ಲಿ ಅಳಿಸಿಹೋಗಿತ್ತು.

ಹಳೇ ಸರ್ವೆ ಸರಪಳಿ ನೋಡಿದ್ದೀರಾ? ಉದ್ದ 33 ಅಡಿ. ಅದನ್ನು 16 ಭಾಗ ಮಾಡಿ ಒಂದೊಂದಕ್ಕೂ ಆಣೆ ಅನ್ನುತ್ತಾರೆ, ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಎಕರೆ. ಅಪ್ಪ ಊರಿನ ಭಜನೆ ಮೇಳದಲ್ಲಿ ತಬಲ ಬಾರಿಸುತ್ತಿದ್ದರು. ತೀನ್‌ತಾಲಕ್ಕೂ 16 ಮಾತ್ರೆ ಅಲ್ವಾ! ರಜೆಯಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ಹೋದರೆ ಸರಪಳಿ ಚಾಚಿದ ಮೇಲೆ ಅದರ ಪಕ್ಕದಲ್ಲೇ ನಡೆಯುತ್ತಾ ಒಂದೊಂದು ಆಣೆಗೆ ಒಂದೊಂದು ಮಾತ್ರೆ ಹೇಳುವರು, ಧಾ ಧಿನ್ ಧಿನ್ ಧಾ, ನಾನೂ ಹಿಂದೆ ಹೇಳಬೇಕು, ಸರಪಳಿಯ ಕೊನೆ ಸರಿಯಾಗಿ ಗಡಿಯ ಬಾಂದುಕಲ್ಲಿಗೆ ಮುಟ್ಟಿದರೆ "ಸಮ್ ಬಂತು ನೋಡು" ಅಂತ, ಅಂದರೆ ತಾಳ ಸುತ್ತಿ ಮತ್ತೆ ಮೊದಲ ಮಾತ್ರೆಗೆ ಬಂತು ಅಂತ, ಕಲ್ಲಿನ ಮೇಲೆ ಅಂಗೈಯಿಂದ ಒಂದು ಪೆಟ್ಟು ಹಾಕುವರು. ತಾಳ ನಾನು ಕಲಿತದ್ದು ಹೊಲದಲ್ಲೇ, ಬಿಸಿಲಲ್ಲಿ.

ಸಂಗೀತದ ನಕ್ಷೆ ಬರೆಯುವುದಾದರೆ ನನ್ನದು ಒಂದೇ ಊರಿನದು. ಶ್ರಾವಣ ಸೋಮವಾರದ ಭಜನೆ ರಾತ್ರಿ ಯಾವ ಯಾವ ಓಣಿ ದಾಟಿ ಹೋಗುತ್ತಿತ್ತು, ಯಾರ ಕಟ್ಟೆ ಮೇಲೆ ನಿಂತು ಪದ ಮುಗಿಸಿ ಚಹಾ ಕುಡಿಯುತ್ತಿದ್ದರು, ಅಷ್ಟೇ. ಅಪ್ಪ ಹೋದ ಮೇಲೆ ಆ ದಾರಿ ಪೂರ್ತಿ ಗೊತ್ತಿರುವವರು ಊರಲ್ಲಿ ಇನ್ನು ಇಬ್ಬರೇ. ಈ ಸಲ ಊರಿಗೆ ಹೋದಾಗ ಅವರನ್ನು ಕೂರಿಸಿಕೊಂಡು ಬರೆದುಬಿಡುತ್ತೇನೆ.

ಮೀರಜ್‌ಲೈನ್:

ಪುಣೆಯಲ್ಲಿ ಇದ್ದೇನೆ. ಗುರುಗಳ ನೆನಪಿಗೆ ಭೀಮಸೇನ ಜೋಶಿ 1953ರಲ್ಲಿ ಇಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ಒಮ್ಮೆ ಹೋದಾಗ, ಪಕ್ಕದಲ್ಲಿ ಕೂತಿದ್ದ ಅಜ್ಜಿ ಮರಾಠಿಯಲ್ಲಿ ಕೇಳಿದರು, ಈ ಕುಂದಗೋಳ ಎಲ್ಲಿದೆ ಅಂತ. ಟಿಕೆಟ್ ಹಿಂದೆ ಪೆನ್ನಲ್ಲಿ ಬರೆದೆ: ಪುಣೆ, ಮೀರಜ್, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಕುಂದಗೋಳ. ಆರು ಚುಕ್ಕಿ, ನಡುವೆ ರೈಲು ಹಳಿ. ಮೀರಜ್ ಮೇಲೆ ಬೆರಳಿಟ್ಟು ಅಜ್ಜಿ "ಅಬ್ದುಲ್ ಕರೀಂ ಖಾನ್" ಅಂದರು. ಮೀರಜ್‌ನಲ್ಲಿ ನೆಲೆಸಿದ್ದ, ಸವಾಯಿಯವರ ಗುರುಗಳು! ಗುರು, ಶಿಷ್ಯ, ಶಿಷ್ಯನ ಶಿಷ್ಯ, ಮೂವರೂ ಒಂದೇ ದಾರಿಯ ಮೇಲೆ. ಆ ಟಿಕೆಟ್ಟೇ ನನ್ನ ನಕ್ಷೆ, ಇನ್ನೂ ಪರ್ಸ್‌ನಲ್ಲಿದೆ.

ಗೆಜ್ಜೆಬಿಚ್ಚು:

ನಮ್ಮ ಕಡೆ ಯಕ್ಷಗಾನ ಮೇಳದ ತಿರುಗಾಟದ ಪಟ್ಟಿಯೇ ನಕ್ಷೆ. ತಾರೀಕು, ಊರು, ಪ್ರಸಂಗ. ನಡೆದು ಹೋಗಬಹುದಾದ ಊರಿಗೆಲ್ಲ ಅಜ್ಜ ಪೆನ್ಸಿಲ್ ಟಿಕ್ ಹಾಕುತ್ತಿದ್ದರು. ಪತ್ತನಾಜೆಗೆ, ಅಂದರೆ ವರ್ಷದ ತಿರುಗಾಟ ಮುಗಿಯುವ ದಿನ, ಮೇಳ ಗೆಜ್ಜೆ ಬಿಚ್ಚಿದ ಮೇಲೂ ಆ ಪಟ್ಟಿ ಗೋಡೆಯಲ್ಲೇ ಇರಬೇಕು.

ನಾನು ಬರೆಯುವುದಾದರೆ ಚೆಂಡೆಯ ನಕ್ಷೆ. ಕಾಸರಗೋಡಿನಿಂದ ಮೇಲೆ ಬರುತ್ತಾ ತೆಂಕುತಿಟ್ಟು (ಯಕ್ಷಗಾನದ ದಕ್ಷಿಣದ ಶೈಲಿ), ಉಡುಪಿ ದಾಟಿ ಕುಂದಾಪುರದ ಕಡೆ ಬಡಗು (ಉತ್ತರದ ಶೈಲಿ), ಇನ್ನೂ ಮೇಲೆ ಉತ್ತರ ಕನ್ನಡದಲ್ಲಿ ಬಡಾಬಡಗು. ತೆಂಕಿನ ಚೆಂಡೆ ದೊಡ್ಡದು, ಗುಡ್ಡದ ಆಚೆಗೂ ಕೇಳುತ್ತದೆ. ಬಡಗಿನದು ಸಣ್ಣದು. ಗೆರೆ ಎಲ್ಲಿ ಎಳೆಯಬೇಕು ಅಂತ ನಮ್ಮ ಮನೆಯಲ್ಲೇ ಚರ್ಚೆ ಮುಗಿದಿಲ್ಲ. ಅಮ್ಮ ತೆಂಕಿನ ಊರಿನವರು, ಅಪ್ಪ ಬಡಗು. ಪಿನ್ ಮಾತ್ರ ಕೊಯ್ಲಾದ ಒಂದು ಗದ್ದೆಯಲ್ಲಿ, ಬೆಳಗಿನ ಜಾವ, ಅರ್ಧ ಸಭೆ ಚಾಪೆ ಮೇಲೆ ಮಲಗಿರುವಾಗ ಭಾಗವತರು ಏರು ಶ್ರುತಿಯಲ್ಲಿ ಪದ ಎತ್ತುವ ಹೊತ್ತಿಗೆ.

ಗೋಡೆನಕ್ಷೆ:

ತಿರುಮಕೂಡಲಿಗೆ ಚುಚ್ಚಿಯಾಯಿತು, ಕಾವೇರಿಯನ್ನೂ ಕಪಿಲೆಯನ್ನೂ ನೀಲಿ ಪೆನ್ನಲ್ಲಿ ಬರೆದೆ. ಪುಣೆ ನನ್ನ ಹಾಳೆಯಿಂದ ಹೊರಗೆ ಬರುತ್ತದೆ, ಹಾಗಾಗಿ ಗೋಡೆಗೇ ಚುಚ್ಚಿ ಅಲ್ಲಿಂದ ಕುಂದಗೋಳಕ್ಕೆ ದಾರ ಕಟ್ಟಿದ್ದೇನೆ. ಆಣೆಸರಪಳಿ ಅವರೇ, ನಿಮ್ಮ ಊರು ಎಲ್ಲಿ? ದೊಡ್ಡ ಊರು ಯಾವುದು ಹತ್ತಿರ, ಯಾವ ದಿಕ್ಕು ಅಂತ ಹೇಳಿ, ಪಿನ್ ಕೈಯಲ್ಲೇ ಇದೆ.

ಆಣೆಸರಪಳಿ:

ಶಿಗ್ಗಾಂವಿಯಿಂದ ಮೂಡಣಕ್ಕೆ ಆರು ಮೈಲಿ. ಕೆರೆ ಏರಿಯ ಮೇಲೆ, ಹುಣಸೆ ಮರದ ಕಡೆ.