ಡಿಪ್‌ಸ್ಟಿಕ್: ಕಡ್ಡಿಯೋ, ಗೇಜೋ? ಜೊತೆಗೆ ಎಣ್ಣೆ–ಆಯಿಲ್ ಗೊಂದಲ

ನಮಸ್ಕಾರ.

ಕಾರಿನ ಇಂಜಿನ್ ಆಯಿಲ್ ಎಷ್ಟಿದೆ ಅಂತ ನೋಡೋಕೆ ಬಾನೆಟ್ ಒಳಗೆ ಒಂದು ಉದ್ದ ಕಡ್ಡಿ ಇರುತ್ತದೆ. ಇಂಗ್ಲಿಷಿನಲ್ಲಿ ಡಿಪ್‌ಸ್ಟಿಕ್. ಇದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಹೊಸದಾಗಿ ಕಟ್ಟಿದ ಪದಕ್ಕಿಂತ ಬಾಯಲ್ಲಿ ಆಗಲೇ ಇರುವ ಪದ ಸಿಕ್ಕರೆ ಒಳ್ಳೆಯದು. ಆಯಿಲ್ ನೋಡುವ ಕ್ರಮವನ್ನು ಸೋದರಮಾವನಿಗೆ ಒಂದು ಹಾಳೆಯಲ್ಲಿ ಬರೆದುಕೊಡಬೇಕಿದೆ, ಅದಕ್ಕೆ ಈ ಪದ ಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು.

ನಾನಿರುವುದು ಶಿವಮೊಗ್ಗದಲ್ಲಿ. ಸೋದರಮಾವನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ಅಡಿಕೆ ತೋಟ, ಒಂದು ಟಿಲ್ಲರ್, ಒಂದು ಹಳೆ ಡೀಸೆಲ್ ಕಾರು. ಗ್ಯಾರೇಜ್ ಬೇಕು ಅಂದರೆ ತೀರ್ಥಹಳ್ಳಿಗೇ ಬರಬೇಕು. ಕಳೆದ ತಿಂಗಳು ಮಗಳನ್ನು ಉಡುಪಿಗೆ ಬಿಟ್ಟು ಬರೋಕೆ ಹೊರಟಿದ್ದರು. ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು, ವಾಪಸ್ ಬರುವಾಗ ಅಷ್ಟನ್ನೂ ಹತ್ತಬೇಕು. ಹಿಂದಿನ ದಿನ ಫೋನಿನಲ್ಲಿ, "ಮಾವ, ಹೊರಡೋ ಮುಂಚೆ ಒಂದ್ಸಲ ಎಣ್ಣೆ ನೋಡ್ಕೊಳ್ಳಿ" ಅಂದೆ.

"ಎಣ್ಣೆ ಇದೆ ಮಾರಾಯ. ಮೊನ್ನೆ ತಾನೇ ಎರಡು ಸಾವಿರದ್ದು ಹಾಕ್ಸಿದೀನಿ."

"ಡೀಸೆಲ್ ಅಲ್ಲ ಮಾವ, ಇಂಜಿನ್ ಆಯಿಲ್."

"ಹಂಗಾದ್ರೆ ಆಯಿಲ್ ಅನ್ನು. ಸುಮ್ನೆ ಎಣ್ಣೆ ಅಂದ್ರೆ ಎಂತ ಅಂತ ತಿಳ್ಕೊಳ್ಳೋದು?"

ಕನ್ನಡ ಪದ ಇರುವಾಗ ಇಂಗ್ಲಿಷ್ ಯಾಕೆ ಅಂತಲೇ ನಾನು ಎಣ್ಣೆ ಅಂದಿದ್ದೆ. ಆದರೆ ಮಾವನ ಮಾತೇ ಸರಿ. ನಮ್ಮ ಕಡೆ ಗಾಡಿಗೆ ಎಣ್ಣೆ ಹಾಕ್ಸೋದು ಅಂದರೆ ಪೆಟ್ರೋಲೋ ಡೀಸೆಲ್ಲೋ ಹಾಕ್ಸೋದು. ದೀಪಕ್ಕೆ ಚಿಮಣಿ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ. ಇನ್ನು ಸಂಜೆ ಹೊತ್ತು ಹುಡುಗರು ಎಣ್ಣೆ ಅಂದರೆ ಅದು ಬೇರೆಯೇ. ಮೂಲದಲ್ಲಿ ಇದು ಎಳ್ಳಿನದು ಮಾತ್ರ. ಎಳ್ ಮತ್ತು ನೆಯ್ ಸೇರಿ ಎಣ್ಣೆ ಆಯಿತು, ಬೆಳ್ ಮತ್ತು ನೆಯ್ ಸೇರಿ ಬೆಣ್ಣೆ ಆದ ಹಾಗೆ. ಎಳ್ಳಿನಿಂದ ಹೊರಟ ಪದ ಹಿಗ್ಗುತ್ತಾ ಹಿಗ್ಗುತ್ತಾ ಪೆಟ್ರೋಲ್ ಬಂಕಿನವರೆಗೂ ಬಂದಿದೆ.

ಆಯಿಲ್ ಮಾತ್ರ ಕನ್ನಡಕ್ಕೆ ಬಂದಮೇಲೆ ಕುಗ್ಗಿದೆ. ಇಂಗ್ಲಿಷಿನಲ್ಲಿ ಅಡುಗೆಯದ್ದಕ್ಕೂ ತಲೆಗೆ ಹಚ್ಚುವುದಕ್ಕೂ ಅದೇ ಪದ. ಮಾವನ ಊರಲ್ಲಿ ಆಯಿಲ್ ಅಂದರೆ ಇಂಜಿನ್ನಿಗೆ, ಗೇರ್ ಬಾಕ್ಸಿಗೆ ಹಾಕುವುದು ಮಾತ್ರ. ಅದು ಹಳೆಯದಾದರೆ ಸುಟ್ಟ ಆಯಿಲ್. ಗೆದ್ದಲು ಹತ್ತದಿರಲಿ ಅಂತ ಬೇಲಿ ಕಂಬಕ್ಕೆ ಬಳಿಯುತ್ತಾರಲ್ಲ, ಅದು. ಎಣ್ಣೆ ಇರುವಾಗಲೂ ಜನ ಆಯಿಲ್ ಅನ್ನುತ್ತಾರೆ ಅಂದರೆ ಅದು ಸೋಮಾರಿತನ ಅಲ್ಲ. ಎರಡು ವಸ್ತುವಿಗೆ ಎರಡು ಪದ ಬೇಕಿತ್ತು, ಇಟ್ಟುಕೊಂಡಿದ್ದಾರೆ. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಹಾಕುವುದಕ್ಕೆ ಕೀಲೆಣ್ಣೆ ಅನ್ನುವ ಚೆಂದದ ಪದ ಇತ್ತು. ಅದು ಇಂಜಿನ್ನಿಗೂ ಹೊಂದುತ್ತಿತ್ತು. ಯಾಕೋ ಗಾಡಿಯ ಜೊತೆಗೇ ಹೋಯಿತು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈಗಲೂ ಬಳಸುತ್ತೀರಾ?

ಈಗ ಕಡ್ಡಿಯ ವಿಷಯ. ಅವತ್ತು ನಾನು "ಡಿಪ್‌ಸ್ಟಿಕ್ ಎಳೀರಿ" ಅಂದೆ. "ಎಂತ ಸ್ಟಿಕ್ಕು?" ಅಂದರು. ಇಂಜಿನ್ ಪಕ್ಕ ಹಳದಿ ಬಳೆ ಥರ ಒಂದು ಹಿಡಿ ಇದೆ ನೋಡಿ ಅಂದೆ. "ಓ, ಗೇಜಾ! ಟಿಲ್ಲರಿಗೂ ಉಂಟಲ್ಲ, ಆ ಕಡ್ಡಿ" ಅಂದರು. ಒಂದೇ ಉಸಿರಿಗೆ ಎರಡು ಪದ ಸಿಕ್ಕವು.

ಗೇಜು ಅನ್ನುವುದನ್ನು ಶಿವಮೊಗ್ಗದ ಮೆಕ್ಯಾನಿಕ್‌ಗಳ ಬಾಯಲ್ಲೂ ಕೇಳಿದ್ದೇನೆ. "ಗೇಜ್ ತೆಗೆದು ನೋಡಿ ಸಾರ್" ಅನ್ನುತ್ತಾರೆ. ತೊಂದರೆ ಏನೆಂದರೆ ಗೇಜು ಬಹಳ ಕಡೆ ಓಡಾಡುವ ಪದ. ಗಾಳಿ ನೋಡುವುದೂ ಗೇಜು, ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಮುಳ್ಳು ಆಡುವುದೂ ಗೇಜು. ತಾಳಗುಪ್ಪದ ರೈಲು ಮೀಟರ್ ಗೇಜಿನಲ್ಲಿ ಓಡುತ್ತಿದ್ದಾಗಿನಿಂದಲೂ ಈ ಪದ ನಮ್ಮ ಜಿಲ್ಲೆಗೆ ಗೊತ್ತು. ಹಾಳೆಯ ಮೇಲೆ ಬರೆದಾಗ ಓದುವವರು ಯಾವುದನ್ನು ನೋಡಬೇಕು?

ಅಳತೆಗೋಲು ಅಂತ ಬರೆದು ನೋಡಿದೆ. ಅದು ಈಗ ಪತ್ರಿಕೆಯ ಪದ. 'ಯಶಸ್ಸಿನ ಅಳತೆಗೋಲು' ಅಂತ ಓದಿ ಓದಿ ಕೈಯಲ್ಲಿ ಹಿಡಿಯುವ ವಸ್ತು ಅಂತ ಅನ್ನಿಸುವುದೇ ಇಲ್ಲ. ಮೇಲಾಗಿ ಇದು ಕೋಲೂ ಅಲ್ಲ. ಬಳುಕುವ ತೆಳು ತಗಡಿನ ಪಟ್ಟಿ, ಕೆಲವು ಕಾರಿನಲ್ಲಿ ಬರೀ ತಂತಿ.

ಕಟ್ಟಲೇಬೇಕು ಅಂದರೆ ದಾರಿ ಇದೆ. ಮಜ್ಜಿಗೆ ಕಡೆಯುವುದು ಕಡೆಗೋಲು, ಊರಿಕೊಂಡು ನಡೆಯುವುದು ಊರುಗೋಲು. ಕೆಲಸದ ಹೆಸರಿಗೆ ಕೋಲು ಸೇರಿಸಿದರೆ ಆಯಿತು. ಅದೇ ಹಾದಿಯಲ್ಲಿ ಅದ್ದುವ ಕಡ್ಡಿ ಅದ್ದುಗಡ್ಡಿ, ಅಳೆಯುವ ಕಡ್ಡಿ ಅಳೆಗಡ್ಡಿ. ಅದ್ದುಗಡ್ಡಿ ನನಗೆ ಇಷ್ಟವಾಯಿತು. ಅತ್ತೆಗೆ ಫೋನಿನಲ್ಲಿ ಹೇಳಿದೆ. "ಎಂತಕ್ಕೆ ಅದ್ದೋದು?" ಅಂತ ಕೇಳಿದರು. ಅಂದರೆ ಪದ ಅರ್ಧ ಕೆಲಸ ಮಾಡಿತು, ಇನ್ನರ್ಧ ನಾನು ಹೇಳಬೇಕಾಯಿತು. ಸದ್ಯಕ್ಕೆ 'ಆಯಿಲ್ ಕಡ್ಡಿ' ಅಂತ ಇಟ್ಟುಕೊಂಡಿದ್ದೇನೆ. ಅದನ್ನು ಯಾರೂ ತಿರುಗಿ ಕೇಳಲಿಲ್ಲ.

ನಿಜವಾಗಿ ಪೆಟ್ಟು ಕೊಟ್ಟದ್ದು ಇನ್ನೊಂದು ಪದ. "ಲೆವೆಲ್ಲಲ್ಲಿ ನೋಡಿ ಮಾವ" ಅಂದಿದ್ದೆ. ಗಾಡಿ ಏರಿನಲ್ಲಿ ಇರಬಾರದು ಅನ್ನುವುದು ನನ್ನ ಅರ್ಥ. ಅವರಿಗೆ ಕೇಳಿಸಿದ್ದು, ಆಯಿಲ್ ಲೆವೆಲ್ ನೋಡು ಅಂತ. ಕಾರು ನಿಂತಿದ್ದು ದರೆಯ ಪಕ್ಕ, ಮೂತಿ ಮೇಲೆ ಮಾಡಿಕೊಂಡು. ಮಾವ ಮಿಕ್ಕಿದ್ದೆಲ್ಲ ಸರಿಯಾಗಿಯೇ ಮಾಡಿದರು. ಕಡ್ಡಿ ಎಳೆದು ಹಳೆ ಬನೀನಿನಲ್ಲಿ ಒರೆಸಿ, ಮತ್ತೆ ಪೂರ್ತಿ ತಳ್ಳಿ, ಎರಡನೇ ಸಲ ಎಳೆದು ನೋಡಿದರು. ಕೆಳಗಿನ ಗೀಟಿಗಿಂತ ಕೆಳಗೆ ಕಂಡಿತು. ಮನೆಯಲ್ಲಿದ್ದ ಡಬ್ಬದಿಂದ ಅರ್ಧ ಲೀಟರ್ ಸುರಿದರು.

ಬೆಳಿಗ್ಗೆ ಅಂಗಳಕ್ಕೆ ತಂದು ನೋಡಿದರೆ ಮೇಲಿನ ಗೀಟು ದಾಟಿ ಒಂದು ಬೆರಳು ಮೇಲಿದೆ. ಆಯಿಲ್ ಜಾಸ್ತಿ ಆದರೂ ಕೆಟ್ಟದ್ದೇ. ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ಯಾವ ಭಾಗವನ್ನೂ ಸರಿಯಾಗಿ ನುಣುಪಾಗಿ ಇಡುವುದಿಲ್ಲ. ತೀರ್ಥಹಳ್ಳಿಯಲ್ಲಿ ಹೆಚ್ಚಿದ್ದನ್ನು ತೆಗೆಸಿ, ಉಡುಪಿಗೆ ಮಾರನೇ ದಿನ ಹೊರಟರು. ನನಗೆ ತುಂಬಾ ಬೇಜಾರಾಯಿತು.

'ಮಟ್ಟಸ ಜಾಗ' ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಷ್ಟು ಒಳ್ಳೆಯ ಪದ, ನನ್ನ ಬಾಯಿಗೆ ಬರಲೇ ಇಲ್ಲ. ಮಲೆನಾಡಿನಲ್ಲಿ ಮಟ್ಟಸ ಜಾಗ ಅಂದರೆ ಅಡಿಕೆ ಒಣಗಿಸುವ ಅಂಗಳ, ಅದನ್ನು ಯಾರಿಗೂ ವಿವರಿಸಬೇಕಿಲ್ಲ.

ಇದಾದ ಮೇಲೆ ಮಾವ, "ಒಂದು ಹಾಳೇಲಿ ದೊಡ್ಡ ಅಕ್ಷರದಲ್ಲಿ ಬರ್ಕೊಡು, ಕೊಟ್ಟಿಗೆ ಗೋಡೆಗೆ ಅಂಟಿಸ್ತೀನಿ" ಅಂದಿದ್ದಾರೆ. ಬರೆಯುತ್ತಾ ಹೋದಂತೆ ಇನ್ನೂ ಕೆಲವು ಅನುಮಾನ ಬಂದಿವೆ. ಆಯಿಲ್ ನಿಲ್ಲುವ ತಳದ ಭಾಗಕ್ಕೆ ಸಂಪ್ ಅಂತ ಬರೆದರೆ ನಮ್ಮವರಿಗೆ ನೀರಿನ ಸಂಪೇ ಕಣ್ಣಿಗೆ ಬರುತ್ತದೆ. ಮೆಕ್ಯಾನಿಕ್‌ಗಳು ಚೇಂಬರ್ ಅನ್ನುತ್ತಾರೆ, ಅದನ್ನೇ ಇಟ್ಟಿದ್ದೇನೆ. ವಿಸ್ಕಾಸಿಟಿಗೆ ಪಠ್ಯಪುಸ್ತಕದ ಸ್ನಿಗ್ಧತೆ ಬೇಡ ಅಂತ ಬಿಟ್ಟೆ. ಮಂದ, ತೆಳು ಅಂದರೆ ಸಾಕು ಅಲ್ವಾ?

ಲೀಕ್ ಅನ್ನುವ ಕಡೆ ಮಾತ್ರ ಕನ್ನಡವೇ ಹೆಚ್ಚು ಹೇಳುತ್ತದೆ. ಗ್ಯಾಸ್ಕೆಟ್ (ಇಂಜಿನ್ನಿನ ಎರಡು ಭಾಗ ಕೂಡುವಲ್ಲಿ ಸೋರದಂತೆ ಇಡುವ ಪಟ್ಟಿ) ಅಂಚಿನಲ್ಲಿ ಬರೀ ಒದ್ದೆಯಾಗಿ ಧೂಳು ಅಂಟಿದ್ದರೆ ಅದು ಒಸರುವುದು. ನೆಲದ ಮೇಲೆ ಚುಕ್ಕೆ ಬಿದ್ದರೆ ತೊಟ್ಟಿಕ್ಕುವುದು. ಧಾರೆಯಾದರೆ ಸೋರುವುದು. ಎಲ್ಲೂ ಹನಿ ಕಾಣದೆ ಆಯಿಲ್ ಕಡಿಮೆ ಆಗುತ್ತಿದ್ದರೆ ಇಂಜಿನ್ ಕುಡಿಯುತ್ತಿದೆ ಅಂತ, ಅಂದರೆ ಒಳಗೆ ಉರಿದು ಹೋಗುತ್ತಿದೆ. ಈ ನಾಲ್ಕರಲ್ಲಿ ಯಾವುದು ಅಂತ ಫೋನಿನಲ್ಲಿ ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ. ಮಳೆಗಾಲದಲ್ಲಿ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಕಲಿಸಬೇಕಾಗಿಲ್ಲ.

ಸದ್ಯಕ್ಕೆ ಹಾಳೆ ಹೀಗಿದೆ:

"ಕಾರನ್ನು ಅಂಗಳದ ಮಟ್ಟಸ ಜಾಗಕ್ಕೆ ತನ್ನಿ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಆಯಿಲ್ ಚೇಂಬರಿಗೆ ಇಳಿಯಲಿ. ಆಯಿಲ್ ಕಡ್ಡಿ ಎಳೆದು ಒರೆಸಿ. ಮತ್ತೆ ಪೂರ್ತಿ ಹಾಕಿ ಎಳೆಯಿರಿ. ಎರಡು ಗೀಟಿನ ನಡುವೆ ಇದ್ದರೆ ಸರಿ. ಕೆಳಗಿನ ಗೀಟಿಗಿಂತ ಕೆಳಗಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ನೋಡಿ. ಡೀಸೆಲ್ ಗಾಡಿಯಲ್ಲಿ ಆಯಿಲ್ ಬೇಗ ಕಪ್ಪಾಗುತ್ತದೆ, ಹೆದರಬೇಡಿ. ಹಾಲು ಹಾಕಿದ ಕಾಫಿ ಬಣ್ಣ ಕಂಡರೆ ನೀರು ಸೇರಿರಬಹುದು, ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ."

ಗೀಟು ಅನ್ನುವುದರ ಬಗ್ಗೆಯೂ ಹೇಳಿ. ಕೆಲವು ಕಡ್ಡಿಯಲ್ಲಿ ಗೆರೆ ಇರುವುದಿಲ್ಲ. ಎರಡು ತೂತು ಇರುತ್ತವೆ, ಇಲ್ಲವೇ ಪಕ್ಕದಲ್ಲಿ ಕಚ್ಚು ಹಾಕಿರುತ್ತಾರೆ. ಎಲ್ಲಕ್ಕೂ ಸೇರಿ 'ಗುರುತು' ಅಂದರೆ ಸಪ್ಪೆ ಅನ್ನಿಸುತ್ತದೆಯೋ ಏನೋ.

ಮುಂದಿನ ಭಾನುವಾರ ಊರಿಗೆ ಹೋಗುವಾಗ ಹಾಳೆ ತಗೊಂಡು ಹೋಗಬೇಕು. ಅಷ್ಟರೊಳಗೆ ನಿಮ್ಮ ಕಡೆಯ ಪದ ಬರೆಯಿರಿ, ಯಾವ ಊರಿನದು ಅಂತಲೂ ಸೇರಿಸಿ. ಸಾಗರ, ಹೊಸನಗರ, ಕೊಪ್ಪದ ಕಡೆಯವರು, ಟಿಲ್ಲರ್ ಓಡಿಸುವವರು ಮನೆಯಲ್ಲಿದ್ದರೆ ಅವರನ್ನೊಮ್ಮೆ ಕೇಳಿ ಬರೆದರೆ ಇನ್ನೂ ಒಳ್ಳೆಯದು.