‘ಕಂಟ್ರೋಲ್’ ಮತ್ತು ‘ಮ್ಯಾನಿಪ್ಯುಲೇಟ್’: ಎರಡಕ್ಕೂ ‘ನಿಯಂತ್ರಣ’ ಅಂದರೆ ಆದೀತೇ?

ತುಂಗೆದಡ (ತೀರ್ಥಹಳ್ಳಿ):

ಸ್ವಸಹಾಯ ಸಂಘದ ಮಹಿಳೆಯರಿಗಾಗಿ ಕುಟುಂಬ ಸಂಬಂಧಗಳ ಬಗ್ಗೆ ಎಂಟು ಪುಟದ ಇಂಗ್ಲಿಷ್ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಿದೆ. ಅದರಲ್ಲಿ ‘ಕಂಟ್ರೋಲಿಂಗ್’ ಒಂದು ಅಧ್ಯಾಯ, ‘ಮ್ಯಾನಿಪ್ಯುಲೇಟಿಂಗ್’ ಇನ್ನೊಂದು. ಕರಡಿನಲ್ಲಿ ಎರಡೂ ಕಡೆ ‘ನಿಯಂತ್ರಿಸುವುದು’ ಎಂದಿದೆ. ಎರಡನೆಯದಕ್ಕೆ ಅಲ್ಲಲ್ಲಿ ‘ಕುಶಲತೆಯಿಂದ ನಿರ್ವಹಿಸುವುದು’ ಅಂತಲೂ ಬಿದ್ದಿದೆ. ಅರ್ಥದ ಗೆರೆ ಎಲ್ಲಿ? ಸಂಘದ ಸಭೆಯಲ್ಲಿ ಓದಿ ಹೇಳಿದರೆ ತಕ್ಷಣ ಹೊಳೆಯುವ ಮಾತು ಯಾವುದು?

ಬಾಂದುಕಲ್ಲು (ಸಾಗರ):

ಮೊದಲು ‘ಕುಶಲತೆಯಿಂದ ನಿರ್ವಹಿಸುವುದು’ ಹೊಡೆದುಹಾಕಿ ಮೇಡಂ. ಅದು ನಿಘಂಟಿನ ಹಳೆಯ ಅರ್ಥ. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ. ಉಪಕರಣಗಳನ್ನು ಕೈಯಲ್ಲಿ ನಾಜೂಕಾಗಿ ಆಡಿಸುವುದು ಆ ಪದದ ಮೊದಲಿನ ಕೆಲಸ. ಮನುಷ್ಯರನ್ನು ಹಾಗೆ ಆಡಿಸುವುದು ಎಂಬ ಅರ್ಥ ಆಮೇಲೆ ಬಂತು. ಕೈಪಿಡಿಯಲ್ಲಿ ಈ ಮಾತು ಉಳಿದರೆ ಬೈಗುಳವೇ ಹೊಗಳಿಕೆಯಾಗಿಬಿಡುತ್ತದೆ.

ವ್ಯತ್ಯಾಸ ಹೇಳಲು ನಮ್ಮ ಸರ್ವೆಯವರ ಮಾತೇ ಸಾಕು. ಜಮೀನಿನ ಗಡಿ ಅಳೆದು ಗೊತ್ತುಮಾಡುವುದಕ್ಕೆ ‘ಹದ್ದುಬಸ್ತು’ ಅನ್ನುತ್ತಾರೆ. ‘ಅವನನ್ನು ಹದ್ದುಬಸ್ತಿನಲ್ಲಿ ಇಡು’ ಅನ್ನುವ ಆಡುಮಾತಿನಲ್ಲೂ ಅದೇ ಇದೆ. ಇಲ್ಲಿಂದಾಚೆ ಹೋಗಬೇಡ ಎಂದು ಗೆರೆ ಎಳೆದು ಕಾಯುವುದು ಕಂಟ್ರೋಲ್. ಗೆರೆ ಎಳೆದವರು ಯಾರು, ದಾಟಿದರೆ ಏನಾಗುತ್ತದೆ ಎಂಬುದು ಒಳಗಿದ್ದವರಿಗೆ ಗೊತ್ತಿರುತ್ತದೆ. ರಾತ್ರಿ ಬಾಂದುಕಲ್ಲು ಸರಿಸಿಟ್ಟು, ಬೆಳಿಗ್ಗೆ ಜಮೀನಿನ ಯಜಮಾನನೇ ‘ಹೌದು, ನನ್ನ ಗಡಿ ಇಲ್ಲಿಗೇ ಮುಗಿಯುತ್ತದೆ’ ಎಂದು ಹಿಂದೆ ಸರಿಯುವಂತೆ ಮಾಡಿದರೆ ಅದು ಮ್ಯಾನಿಪ್ಯುಲೇಟ್.

ಹಾಗಾಗಿ ಇವೆರಡು ಒಂದೇ ಸಾಲಿನ ಪದಗಳಲ್ಲ. ಲಗಾಮು ಯಾರ ಕೈಯಲ್ಲಿದೆ ಎಂಬುದನ್ನು ಕಂಟ್ರೋಲ್ ಹೇಳುತ್ತದೆ, ಒಪ್ಪಿಗೆಯನ್ನು ಯಾವ ದಾರಿಯಿಂದ ಪಡೆದರು ಎಂಬುದನ್ನು ಮ್ಯಾನಿಪ್ಯುಲೇಟ್ ಹೇಳುತ್ತದೆ. ಕಂಟ್ರೋಲಿನಲ್ಲಿ ಒಳ್ಳೆಯದೂ ಉಂಟು: ಅಡಿಕೆಯ ಕೊಳೆರೋಗದ ಹತೋಟಿ, ಲಿಂಗನಮಕ್ಕಿ ಅಣೆಕಟ್ಟಿನ ಗೇಟು. ಇನ್ನೊಬ್ಬರ ಮನಸ್ಸಿನ ಮೇಲೆ ನಡೆಸುವ ಮ್ಯಾನಿಪ್ಯುಲೇಷನ್ನಿಗೆ ಅಂಥ ಒಳ್ಳೆಯ ಮುಖ ಇಲ್ಲ.

ನಿಮ್ಮ ತೊಡಕು ಇರುವುದೂ ಇಲ್ಲೇ. ‘ನಿಯಂತ್ರಣ’ ಅಂದರೆ ಸಭೆಯಲ್ಲಿ ಕೂತವರಿಗೆ ಜನನ ನಿಯಂತ್ರಣವೋ ರೋಗ ನಿಯಂತ್ರಣವೋ ನೆನಪಾಗುತ್ತದೆ. ‘ಹತೋಟಿ’ಯೂ ಮೆಚ್ಚುಗೆಯ ಮಾತೇ. ‘ಮಕ್ಕಳನ್ನು ಒಳ್ಳೆ ಹತೋಟಿಯಲ್ಲಿ ಇಟ್ಟಿದ್ದಾರೆ’ ಅನ್ನುತ್ತೇವಲ್ಲ! ಗಂಡ ಹತೋಟಿಯಲ್ಲಿ ಇಟ್ಟಿದ್ದಾನೆ ಎಂದು ಬರೆದರೆ ಅದು ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ. ಒಂದನೆಯದಕ್ಕೆ ‘ಮುಷ್ಟಿಯಲ್ಲಿ ಇಟ್ಟುಕೊಳ್ಳುವುದು’, ಎರಡನೆಯದಕ್ಕೆ ‘ಮನಸ್ಸು ತಿರುಚಿ ಆಡಿಸುವುದು’ ಎಂದು ಬರೆಯಿರಿ. ‘ಕೈಗೊಂಬೆ’ ಬೇಡ, ಅದು ಎರಡಕ್ಕೂ ಸಲ್ಲುತ್ತದೆ.

ಪಕ್ಕದಲ್ಲಿ ಮಾತಿನ ಮಾದರಿ ಕೊಡಿ. ‘ಸಂಘದ ಸಾಲದ ದುಡ್ಡು ನನ್ನ ಕೈಗೇ ಕೊಡಬೇಕು, ಇಲ್ಲದಿದ್ರೆ ಮೀಟಿಂಗಿಗೆ ಹೋಗೋದು ಬೇಡ’: ಮುಷ್ಟಿ. ‘ನೀ ಹೋಗು, ನಂಗೇನು. ಅಮ್ಮಂಗೆ ಬಿಪಿ ಜಾಸ್ತಿಯಾದ್ರೆ ಯಾರು ಹೊಣೆ ಅಂತ, ಅಷ್ಟೆ’: ತಿರುಚುವುದು. ಪರೀಕ್ಷೆಯೂ ಸುಲಭ. ಹೂಡಿದ್ದನ್ನು ಎದುರಿಗೇ ಬಿಚ್ಚಿ ಹೇಳಿದ ಮೇಲೂ ಕೆಲಸ ಮಾಡಿದರೆ ಕಂಟ್ರೋಲ್, ಬಿಚ್ಚಿ ಹೇಳಿದ ಕೂಡಲೇ ಬಿದ್ದುಹೋದರೆ ಮ್ಯಾನಿಪ್ಯುಲೇಷನ್.

ಮದ್ದಲೆಪ್ರಿಯ (ಹೊಸನಗರ):

ಆ ಪರೀಕ್ಷೆ ಅರ್ಧ ಮಾತ್ರ ಸರಿ ಮಾರಾಯ್ರೆ. ‘ನೀನು ಕೆಲಸಕ್ಕೆ ಹೋದರೆ ನಾನು ಊಟ ಬಿಡ್ತೀನಿ’ ಎನ್ನುವವರು ಏನನ್ನೂ ಮುಚ್ಚಿಡುವುದಿಲ್ಲ. ಕೇಳುವವರಿಗೂ ಆಟ ಗೊತ್ತು, ಆದರೂ ಸೋಲುತ್ತಾರೆ. ಗುಟ್ಟು ಇದೆಯೇ ಎಂದು ಕೇಳುವುದಕ್ಕಿಂತ, ವಿವೇಕವನ್ನು ಬದಿಗೆ ತಳ್ಳಿ ಭಯ, ತಪ್ಪಿತಸ್ಥ ಭಾವ, ಆಸೆಯ ಹಗ್ಗ ಎಳೆದರೇ ಎಂದು ಕೇಳುವುದು ಮೇಲು.

ತಾಳಮದ್ದಲೆ ಕೇಳುವವರಿಗೆ ಇದು ಹೊಸದಲ್ಲ. ರಾಮನ ಪಟ್ಟಾಭಿಷೇಕದ ಸುದ್ದಿ ತಂದ ಮಂಥರೆಗೆ ಕೈಕೇಯಿ ಸಂತೋಷದಿಂದ ಆಭರಣ ಕೊಡುತ್ತಾಳೆ. ಮಂಥರೆ ಅವಳಿಗೆ ಯಾವ ಅಪ್ಪಣೆಯನ್ನೂ ಕೊಡುವುದಿಲ್ಲ, ದಾಸಿಗೆ ಆ ಅಧಿಕಾರವೇ ಇಲ್ಲ. ‘ಕೌಸಲ್ಯೆಯ ಮುಂದೆ ಕೈಕಟ್ಟಿ ನಿಲ್ಲುವೆ, ಭರತ ಆಳಾಗುವ’ ಎಂದು ಇಲ್ಲದ ಭಯ ತುಂಬುತ್ತಾಳೆ. ಬೆಳಿಗ್ಗೆ ಇದ್ದ ಸಂತೋಷ ಸಂಜೆಗೆ ಸಿಟ್ಟಾದಾಗ ಆ ಸಿಟ್ಟು ತನ್ನದೇ ಎಂದು ಕೈಕೇಯಿ ನಂಬಿರುತ್ತಾಳೆ. ಇದು ಅಪ್ಪಟ ಮ್ಯಾನಿಪ್ಯುಲೇಷನ್, ನಮ್ಮ ಮಾತಿನಲ್ಲಿ ಕಿವಿ ಊದುವುದು. ದಶರಥನ ಎದುರು ಕೈಕೇಯಿ ಮಾಡುವುದು ಬೇರೆ. ಎರಡು ವರ ಉಂಟು, ಕೊಡು ಎಂದು ನೇರವಾಗಿ ಕಟ್ಟಿಹಾಕುತ್ತಾಳೆ. ಅವನಿಗೆ ಒಂದು ಚೂರೂ ಒಪ್ಪಿಗೆ ಇಲ್ಲ, ಏನು ನಡೆಯುತ್ತಿದೆ ಎಂಬುದು ಪೂರಾ ಗೊತ್ತು, ಆದರೂ ಅಲುಗಾಡಲಾರ. ಅದು ಮುಷ್ಟಿ.

ಅಲ್ಲೂ ಒಂದು ಎಳೆ ಬೆರೆತಿದೆ ನೋಡಿ. ಏನು ಬೇಕೆಂದು ಹೇಳುವ ಮೊದಲೇ ಅವಳು ರಾಮನ ಮೇಲೆ ಆಣೆ ಮಾಡಿಸಿಕೊಳ್ಳುತ್ತಾಳೆ. ಆ ಒಂದು ಹೆಜ್ಜೆ ತಿರುಚುವಿಕೆ, ಮುಂದಿನದೆಲ್ಲ ಹಿಡಿತ. ಮನೆಗಳಲ್ಲೂ ಹೀಗೆ ಬೆರೆತೇ ಇರುತ್ತದೆ. ಹಾಗಾಗಿ ‘ನಿಮ್ಮ ಮನೆಯವರು ಯಾವ ಬಗೆ?’ ಎಂದು ಕೇಳುವ ಕೋಷ್ಟಕ ಕೈಪಿಡಿಯಲ್ಲಿದ್ದರೆ ತೆಗೆದುಬಿಡಿ. ಆಡಿದ ಮಾತು ಯಾವ ಬಗೆ ಎಂದು ಕೇಳಿ.

ತುಂಗೆದಡ:

ಇಬ್ಬರಿಗೂ ಧನ್ಯವಾದ. ‘ಮುಷ್ಟಿ’, ‘ತಿರುಚಿ ಆಡಿಸು’ ಎರಡನ್ನೂ ಹಾಕುತ್ತೇನೆ, ಕೋಷ್ಟಕ ತೆಗೆಯುತ್ತೇನೆ. ಕೊನೆಯ ಪುಟದಲ್ಲಿ ವಯಸ್ಸಾದ ಅತ್ತೆ ಮಾವನಿಂದ ತೋಟ ಬರೆಸಿಕೊಳ್ಳುವ ವಿಷಯ ಇದೆ. ಅಲ್ಲೂ ಇವೇ ಪದ ನಡೆಯುತ್ತವೆಯೇ?

ಕಲಂ16 (ಶಿವಮೊಗ್ಗ):

ಅಲ್ಲಿ ಬೇಡ. ಕಾನೂನಿಗೆ ಅದರದೇ ಪದಗಳಿವೆ. 1872ರ ಕರಾರು ಕಾಯ್ದೆಯಲ್ಲಿ 15ನೇ ಕಲಂ ಬಲಾತ್ಕಾರ, 16 ಅನುಚಿತ ಪ್ರಭಾವ, 17 ವಂಚನೆ, 18 ತಪ್ಪು ನಿರೂಪಣೆ. ‘ರುಜು ಹಾಕದಿದ್ದರೆ ನೋಡು’ ಎಂದು ಹೊಡೆಯುವ ಬೆದರಿಕೆ ಹಾಕಿದರೆ 15. ಕಾಯಿಲೆ ಬಿದ್ದ ಮುದುಕರನ್ನು ನೋಡಿಕೊಳ್ಳುವವನೇ ಅವರ ಇಚ್ಛೆಯ ಮೇಲೆ ಕೂತು ತನಗೆ ಲಾಭವಾಗುವಂತೆ ಬರೆಸಿಕೊಂಡರೆ 16. ಈ 16ರಲ್ಲಿ ನಿಮ್ಮ ಎರಡೂ ಪದ ಕಲೆಯುತ್ತವೆ: ಹಿಡಿತ ಇರಬೇಕು, ಅದನ್ನು ಬಳಸಿ ಅನ್ಯಾಯದ ಲಾಭ ಪಡೆದಿರಬೇಕು. ಹಿಡಿತ ಇತ್ತು ಎಂದಷ್ಟೇ ತೋರಿಸಿದರೆ ಸಾಲದು. ಜನ ಎಡವುವುದು ಇಲ್ಲೇ. ವ್ಯವಹಾರ ಮೇಲ್ನೋಟಕ್ಕೋ ಸಾಕ್ಷ್ಯದಿಂದಲೋ ಅನ್ಯಾಯವಾಗಿ ಕಂಡರೆ, ಪ್ರಭಾವ ಬೀರಿಲ್ಲ ಎಂದು ರುಜುವಾತು ಮಾಡುವ ಹೊಣೆ ಹಿಡಿತ ಇದ್ದವನ ಮೇಲೆ ಬೀಳುತ್ತದೆ.

ಇಂಥ ಪತ್ರ ತಾನಾಗಿ ರದ್ದಾಗುವುದಿಲ್ಲ, ರದ್ದು ಮಾಡಿಸಬೇಕು. ವಿಷಯ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. 60 ದಾಟಿದವರಿಗೆ ಇನ್ನೊಂದು ದಾರಿ ಇದೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ. ‘ಕೊನೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ವಾಪಸು ಕೇಳಬಹುದು. ತೀರ್ಥಹಳ್ಳಿಯವರಿಗೆ ಅದು ಶಿವಮೊಗ್ಗದಲ್ಲಿ. ಹೊಸನಗರ, ಸೊರಬ, ಶಿಕಾರಿಪುರದವರಿಗೆ ಸಾಗರದಲ್ಲಿ. ಆ ಷರತ್ತು ದಾನಪತ್ರದ ಒಳಗೇ ಬರೆದಿರಲಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಬಾಯಿಮಾತಿನ ಷರತ್ತು ನಂಬಿ ಬರೆದುಕೊಟ್ಟವರ ಅರ್ಜಿಗಳೇ ಕಷ್ಟಕ್ಕೆ ಸಿಕ್ಕುವುದು.

ಪ್ರಯೋಗಪಟ್ಟೆ (ಸೊರಬ):

ವಿಜ್ಞಾನ ಕಲಿಸುವವರು ಈ ಚರ್ಚೆ ಓದಿದರೆ ಗೊಂದಲ ಬೇಡ ಎಂದು ಒಂದು ಸೇರ್ಪಡೆ. ಅಲ್ಲಿ ಮ್ಯಾನಿಪ್ಯುಲೇಟ್ ಕೆಟ್ಟ ಮಾತಲ್ಲ, ಬೇಕೆಂದೇ ಬದಲಿಸುವುದು ಅಷ್ಟೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು (ಕೊಳೆರೋಗದ ಔಷಧಿ) ಕೆಲವು ಅಡಿಕೆ ಮರಗಳಿಗೆ ಹೊಡೆದು, ಕೆಲವಕ್ಕೆ ಹೊಡೆಯದೆ ಬಿಟ್ಟರೆ, ಹೊಡೆಯುವುದು ಬಿಡುವುದು ಮ್ಯಾನಿಪ್ಯುಲೇಟ್ ಮಾಡಿದ ಅಂಶ. ಮರದ ವಯಸ್ಸು, ತಳಿ, ಬಸಿಗಾಲುವೆ ಎರಡೂ ಕಡೆ ಒಂದೇ ಇರುವಂತೆ ನೋಡಿಕೊಂಡದ್ದು ಕಂಟ್ರೋಲ್ ಮಾಡಿದ ಅಂಶ. ಹೊಡೆಯದೆ ಬಿಟ್ಟ ಮರಗಳಿಗೂ ‘ಕಂಟ್ರೋಲ್’ ಎಂದೇ ಹೆಸರು. ಅವನ್ನು ಯಾರೂ ಹಿಡಿದಿಟ್ಟಿಲ್ಲ, ತಾಳೆ ನೋಡಲು ಬಿಟ್ಟದ್ದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಆ ಪದ ಹುಟ್ಟಿದ್ದೂ ಲೆಕ್ಕ ತಾಳೆ ನೋಡಲು ಇಟ್ಟ ಎರಡನೇ ಸುರುಳಿಯಿಂದ. ಅದಕ್ಕೆ ‘ನಿಯಂತ್ರಿತ ಮರಗಳು’ ಎಂದು ಬರೆಯಬೇಡಿ, ‘ತಾಳೆಗೆ ಬಿಟ್ಟ ಮರಗಳು’ ಅಂದರೆ ಮಕ್ಕಳಿಗೂ ತಿಳಿಯುತ್ತದೆ.