'ರೆಸ್ಪಾನ್ಸ್'ಗೆ ಏನನ್ನೋಣ? ನಾಳೆಯೇ ಬೇಕು

ಎಲ್ಲರಿಗೂ ನಮಸ್ಕಾರ. ಮಾತ್ರೆ ಮಾಡುವ ಕಾರ್ಖಾನೆಯೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ವಿಷಯ ಪ್ರಯೋಗ ವಿನ್ಯಾಸ, ಅಂದರೆ ಯಾವ ಯಾವ ಪ್ರಯೋಗ ಮಾಡಬೇಕು ಅಂತ ಮೊದಲೇ ಯೋಜಿಸುವುದು. ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು), ಕ್ರಾಸ್‌ಕಾರ್ಮೆಲೋಸ್ (ಮಾತ್ರೆ ನೀರಿನಲ್ಲಿ ಒಡೆಯಲು ಹಾಕುವ ಪುಡಿ), ಮೆಷಿನ್ ಒತ್ತುವ ಬಲ, ಈ ಮೂರನ್ನೂ ಕಡಿಮೆ, ನಡು, ಹೆಚ್ಚು ಅಂತ ಬದಲಿಸಿದರೆ ಒಟ್ಟು 27 ಬ್ಯಾಚ್. ಬಾಕ್ಸ್-ಬೆನ್‌ಕೆನ್ ವಿನ್ಯಾಸದಲ್ಲಿ 15ಕ್ಕೇ ಮುಗಿಯುತ್ತದೆ: ಬೇರೆ ಬೇರೆ 12, ಜೊತೆಗೆ ಮೂರೂ ನಡುವಿನಲ್ಲಿರುವ ಬ್ಯಾಚ್ ಮೂರು ಸಲ. ಪ್ರತಿ ಬ್ಯಾಚಿನ ಗಡಸುತನ, ಪುಡಿ ಉದುರುವ ಪ್ರಮಾಣ, ನೀರಿನಲ್ಲಿ ಒಡೆಯುವ ಸಮಯ ಅಳೆಯುತ್ತಾರೆ. ಇವೇ ರೆಸ್ಪಾನ್ಸ್. ನಾವು ಬದಲಿಸುವ ಫ್ಯಾಕ್ಟರ್‌ಗೆ 'ಅಂಶ', ಅದರ ಕಡಿಮೆ-ನಡು-ಹೆಚ್ಚು ಲೆವೆಲ್‌ಗೆ 'ಮಟ್ಟ' ಹಾಕಿದ್ದೇನೆ. ರೆಸ್ಪಾನ್ಸ್‌ಗೆ 'ಪ್ರತಿಕ್ರಿಯೆ' ಅಂದರೆ ಮಾತ್ರೆ ತಿಂದವರಿಗೆ ಮೈಯೆಲ್ಲ ಗಂಧೆ ಎದ್ದಿತು ಅಂದುಕೊಳ್ಳುತ್ತಾರೆ, ಅಲ್ವಾ?

ಉತ್ತರ:
ಮಾರೆಸಕ. ಎಸಕ ಅಂದರೆ ಕ್ರಿಯೆ. ಮಾರ್ನುಡಿ, ಮಾರ್ದನಿ ಇದ್ದ ಹಾಗೆ. ಮತ್ತೆ 'ಮಾತ್ರೆ' ಯಾಕೆ? ಅಚ್ಚಗನ್ನಡದ ಗುಳಿಗೆ ಇದೆಯಲ್ಲ.

ಉತ್ತರ:
ಗುಳಿಗೆ ಅಚ್ಚಗನ್ನಡವಂತೆ! ಸಂಸ್ಕೃತದ ಗುಟಿಕಾ ತದ್ಭವ ಸ್ವಾಮಿ. ಮಾರೆಸಕ ಅಂತ ಬರೆದರೆ ಆಪರೇಟರ್ ಮೆಷಿನ್ ನಿಲ್ಲಿಸಿ ಮನೆಗೆ ಹೋಗುತ್ತಾನೆ.

ಉತ್ತರ:
ನನ್ನ ಮತ 'ಇಳುವರಿ'ಗೆ. ಸಂಖ್ಯಾಶಾಸ್ತ್ರಜ್ಞ ಫಿಶರ್ ಈ ವಿದ್ಯೆ ಕಟ್ಟಿದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ. ಪ್ರಯೋಗ ವಿನ್ಯಾಸದ ಬಗ್ಗೆ ಅವರು ಬರೆದ 1935ರ ಪುಸ್ತಕಕ್ಕೂ ಮೊದಲೇ ಪ್ಲಾಟು, ಬ್ಲಾಕು ಎಲ್ಲ ಮಣ್ಣಿನ ಮಾತು. ಅವರು ಹೊಲದ ಪದವನ್ನೇ ಲ್ಯಾಬಿಗೆ ಒಯ್ದರು. ನಮಗೂ ತಾಕು, ಮಡಿ, ಇಳುವರಿ ಇವೆ. ಕಡಿಮೆ ಪ್ರಯೋಗದಲ್ಲೇ ಹಲವು ಅಂಶ ಪರೀಕ್ಷಿಸಲು ಬಳಸುವ ಆರ್ಥೋಗೊನಲ್ ಅರೇ ಎಂಬ ಪಟ್ಟಿ ಕೊಟ್ಟ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಆದರೂ ನಾವು ಇಂಗ್ಲಿಷಿನಿಂದ ಕಡ ತರಬೇಕೇ?

ಉತ್ತರ:
ಊರಿನ ಹೆಮ್ಮೆ ಬೇರೆ, ಪದ ಬೇರೆ. ಬ್ಯಾಚಿನಲ್ಲಿ ಎಷ್ಟು ಮಾಲು ಕೈಗೆ ಬಂತು ಅನ್ನೋದಕ್ಕೇ ಇಳುವರಿ ಬೇಕು. ಪುಡಿ ಉದುರಿದ್ದಕ್ಕೂ ಇಳುವರಿ ಅಂದರೆ, ಅದು ಶೇ. 1ರ ಮಿತಿ ದಾಟಿದಾಗ ಸಿಹಿ ಹಂಚಬೇಕಾ? ಮೆಷಿನ್ ಹತ್ತಿರ ಇರುವವರು ಗಡಸುತನಕ್ಕೆ 'ಹಾರ್ಡ್‌ನೆಸ್', ಒಡೆಯುವ ಸಮಯಕ್ಕೆ 'ಡಿ.ಟಿ.' ಅಂತಲೇ ಹೇಳುತ್ತಾರೆ. ಕಡ ತಂದದ್ದು ಕೆಲಸಕ್ಕೆ ಬಂದರೆ ಸಾಕು. ಬಸ್ಸು, ಸಾಬೂನಿಗೆ ಯಾರೂ ಬಡ್ಡಿ ಕೇಳಿಲ್ಲ.

ಉತ್ತರ:
ಹಾಗಾದರೆ ಕನ್ನಡವನ್ನೇ ಬಿಟ್ಟುಬಿಡಿ.

ಕೇಳಿದವರಿಂದ:
ಜಗಳ ಆಮೇಲೆ ಆಡಿ. 'ಅಳೆದ ಗುಣ' ಅಂತ ಹಾಕಿ, ಅದರ ಕೆಳಗೆ ಹಾರ್ಡ್‌ನೆಸ್, ಡಿ.ಟಿ. ಬರೆಯುತ್ತೇನೆ. ಇನ್ನು 'ಇಂಟರ್‌ಆ್ಯಕ್ಷನ್' ಒಂದು ಉಳಿದಿದೆ. ಬೈಂಡರ್ ಕಡಿಮೆ ಇದ್ದಾಗ ಬಲ ಹೆಚ್ಚಿಸಿದರೆ ಒಡೆಯುವ ಸಮಯ ಅಷ್ಟೇನೂ ಬದಲಾಗಲ್ಲ. ಬೈಂಡರ್ ಜಾಸ್ತಿ ಇದ್ದಾಗ ಅದೇ ಬಲಕ್ಕೆ ಎಷ್ಟೋ ನಿಮಿಷ ಏರಿಬಿಡುತ್ತದೆ. 'ಕೂಡುಪರಿಣಾಮ' ಆಗಬಹುದಾ? ರಾತ್ರಿ ಹತ್ತರೊಳಗೆ ಹೇಳಿ. ಮಾರೆಸಕದವರು ದಯವಿಟ್ಟು ಸುಮ್ನಿರಿ.